ಎಳನೀರಿನ ಸ್ಟ್ರಾದಿಂದ ತೋಟದ ಪಂಪಿನವರೆಗೆ: ಗಾಳಿ ನೀರನ್ನು ತಳ್ಳುವ ಲೆಕ್ಕ

ಹಾಸನದ ಬಿ.ಎಂ. ರಸ್ತೆ ಬದಿಯಲ್ಲಿ ಎಳನೀರು ಕೊಚ್ಚಿಸಿಕೊಂಡು ಸ್ಟ್ರಾ ಬಾಯಿಗಿಟ್ಟರೆ ಕೆಲವೊಮ್ಮೆ ಒಂದು ಗುಟುಕು ಬಂದು ನಿಂತುಬಿಡುತ್ತದೆ. ಕಾಯಿ ತುಂಬ ನೀರಿರುತ್ತದೆ, ಕೆನ್ನೆ ಗುಳಿ ಬೀಳುವಷ್ಟು ಎಳೆದರೂ ಬರುವುದಿಲ್ಲ. ಸ್ಟ್ರಾವನ್ನು ಒಂಚೂರು ಅಲ್ಲಾಡಿಸಿದರೆ ಗುಳ್ ಎಂದು ಗಾಳಿ ಒಳಗೆ ಹೋಗಿ ನೀರು ಮತ್ತೆ ಹತ್ತುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವಾಗ ಇನ್ನೊಂದು ಬಗೆಯ ಪೇಚಾಟ. ಕೆರೆ ಅಂಚಿನಲ್ಲಿ ಪಂಪು ಜೋರಾಗಿ ತಿರುಗುತ್ತದೆ, ಪೈಪಿನಲ್ಲಿ ನೀರಿಲ್ಲ. ನೋಡಲು ಬಂದ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: "ಏರ್ ಎಳೀತಿದೆ ಅಣ್ಣ."

ಎರಡಕ್ಕೂ ಮೂಲ ಒಂದೇ. ಎಳನೀರಿನಲ್ಲಿ ಗಾಳಿ ಬೇಕಾದ ಕಡೆ ಇಲ್ಲ, ಪಂಪಿನಲ್ಲಿ ಬೇಡದ ಕಡೆ ಇದೆ. ಸ್ಟ್ರಾ ಕೆಲಸ ಮಾಡುವ ಬಗೆಯನ್ನು ಒಮ್ಮೆ ಕೈಯಾರೆ ನೋಡಿಕೊಂಡರೆ ಈ ಎರಡು ತೊಂದರೆಗಳನ್ನೂ ನೀವೇ ಪತ್ತೆ ಮಾಡಬಹುದು. ಮನೆಯಲ್ಲಿ ಮಕ್ಕಳಿಗೆ, ಶಾಲೆಯಲ್ಲಿ ಆರೇಳನೇ ತರಗತಿಗೆ ಮಾಡಿ ತೋರಿಸಲು ಇವು ಒಂದು ಮಧ್ಯಾಹ್ನದ ಕೆಲಸ.

ಗಾಳಿಯ ಖಾತೆಯಲ್ಲಿ ಎಷ್ಟಿದೆ

ಬಾಯಿ ನೀರನ್ನು ಎಳೆಯುವುದಿಲ್ಲ. ಹಿಡಿದು ಜಗ್ಗಲು ನೀರಿಗೆ ಹಗ್ಗ ಕಟ್ಟಿಲ್ಲ. ನಾವು ಮಾಡುವುದು ಇಷ್ಟೇ: ಎದೆ ಹಿಗ್ಗಿಸಿ ಅಥವಾ ನಾಲಿಗೆ ಕೆಳಗಿಳಿಸಿ ಬಾಯೊಳಗಿನ ಜಾಗವನ್ನು ದೊಡ್ಡದು ಮಾಡುತ್ತೇವೆ. ಅಲ್ಲಿದ್ದ ಗಾಳಿ ತೆಳುವಾಗುತ್ತದೆ, ಅದರ ಒತ್ತಡ ಇಳಿಯುತ್ತದೆ. ಲೋಟದಲ್ಲಿರುವ ನೀರಿನ ಮೇಲೆ ಹೊರಗಿನ ಗಾಳಿ ಮೊದಲಿನಷ್ಟೇ ಬಲವಾಗಿ ಒತ್ತುತ್ತಿರುತ್ತದೆ. ಒತ್ತಡ ಕಡಿಮೆ ಇರುವ ಕಡೆಗೆ, ಅಂದರೆ ಸ್ಟ್ರಾದೊಳಕ್ಕೆ, ಅದು ನೀರನ್ನು ತಳ್ಳುತ್ತದೆ.

ಆ ತಳ್ಳುವ ಶಕ್ತಿಯನ್ನು ನೀರಿನ ಎತ್ತರದಲ್ಲೇ ಅಳೆದರೆ ಲೆಕ್ಕ ಸುಲಭ. ಸಮುದ್ರಮಟ್ಟದ ಮಂಗಳೂರಿನಲ್ಲಿ ಗಾಳಿ ಎತ್ತಿ ಹಿಡಿಯಬಲ್ಲ ನೀರಿನ ಕಂಬ 10.3 ಮೀಟರ್, ಅಂದರೆ ಸುಮಾರು 34 ಅಡಿ. ಇಟಲಿಯ ಟೊರಿಸೆಲ್ಲಿ 1643ರಲ್ಲಿ ಪಾದರಸದಲ್ಲಿ ಕಂಡದ್ದು ಇದನ್ನೇ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಆದ್ದರಿಂದ ಅವನ ಕೊಳವೆಯಲ್ಲಿ ಕಂಬ 76 ಸೆಂ.ಮೀ.ಗೆ ನಿಂತಿತು. ಬೆಟ್ಟ ಹತ್ತಿದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗಿ ಕಂಬವೂ ಕುಗ್ಗಬೇಕು ಎಂದು ಪಾಸ್ಕಲ್ ಊಹಿಸಿದ. 1648ರಲ್ಲಿ ಅವನ ಭಾವ ಪೆರಿಯೆ ಫ್ರಾನ್ಸಿನ ಪ್ಯುಯ್ ದ ದೋಮ್ ಬೆಟ್ಟ ಹತ್ತಿ ಅಳೆದು ಅದನ್ನು ಖಚಿತಪಡಿಸಿದ.

ನಮ್ಮ ಸೀಮೆಯೂ ಎತ್ತರದ್ದೇ. ಹಾಸನ ಸುಮಾರು 970 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಖಾತೆಯಲ್ಲಿರುವುದು 9.2 ಮೀಟರ್ ನೀರು. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ 9 ಮೀಟರ್ ಚಿಲ್ಲರೆ. ಸುಮಾರು 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಿ 8.2 ಮೀಟರ್. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಪಂಪಿನ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತವೆ.

ಇದನ್ನು ನಂಬದವರಿಗೆ ಒಂದು ಖಾಲಿ ಬಾಟಲಿ ಸಾಕು. ಒಂದು ಲೀಟರಿನ ತೆಳು ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಸಕಲೇಶಪುರದಲ್ಲಿ ಪೂರ್ತಿ ಖಾಲಿ ಮಾಡಿ, ಮುಚ್ಚಳ ಬಿಗಿದು, ಶಿರಾಡಿ ಘಾಟಿ ಇಳಿಯಿರಿ. ಕರಾವಳಿ ತಲುಪುವ ಹೊತ್ತಿಗೆ ಬಾಟಲಿಯ ಪಕ್ಕೆ ಒಳಕ್ಕೆ ಹೋಗಿರುತ್ತದೆ. ಒಳಗಿನ ಗಾಳಿ ಘಟ್ಟದ ಮೇಲಿನದು, ಹೊರಗಿನದು ಕೆಳಗಿನದು. ಒಂದು ಲೀಟರಿನಲ್ಲಿ ಸುಮಾರು 100 ಮಿ.ಲೀ.ಯಷ್ಟು ಜಾಗ ಕುಗ್ಗುತ್ತದೆ. ಮುಚ್ಚಳ ಹಾಕುವಾಗ ಬಾಟಲಿ ಬಿಸಿಲಿನಲ್ಲಿ ಕಾದಿರಬಾರದು. ಕಾದ ಗಾಳಿ ತಣಿದರೂ ಪಕ್ಕೆ ಒಳಹೋಗುತ್ತದೆ, ಆಗ ಯಾವುದು ಘಾಟಿಯಿಂದ ಆದದ್ದು, ಯಾವುದು ಬಿಸಿಯಿಂದ ಆದದ್ದು ಗೊತ್ತಾಗುವುದಿಲ್ಲ.

ಹಾಗಾದರೆ ಮುಳ್ಳಯ್ಯನಗಿರಿಯಲ್ಲಿ ಸ್ಟ್ರಾದಿಂದ ಕುಡಿಯುವುದು ಕಷ್ಟವೇ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಕಷ್ಟವಿಲ್ಲ. ಸಾಮಾನ್ಯ ಸ್ಟ್ರಾ 20 ಸೆಂ.ಮೀ. ಉದ್ದ, ನೀರು ಹತ್ತಬೇಕಾದ ಎತ್ತರ ಅದಕ್ಕಿಂತ ಕಡಿಮೆ. 8.2 ಮೀಟರ್ ಇರುವ ಖಾತೆಯಿಂದ 20 ಸೆಂ.ಮೀ. ಖರ್ಚು ಮಾಡಿದರೆ ನಾಲಿಗೆಗೆ ವ್ಯತ್ಯಾಸ ತಿಳಿಯದು.

ಮೂರು ಪರೀಕ್ಷೆಗಳು

ಬೇಕಾದದ್ದು: 6 ಮಿ.ಮೀ. ಬಾಯಿಯ ಐದಾರು ಸ್ಟ್ರಾ, ಒಂದು ಲೋಟ ನೀರು, ಗುಂಡುಪಿನ್ನು, 200 ಮಿ.ಲೀ.ಯ ಗಾಜಿನ ಬಾಟಲಿ ಮತ್ತು ಅದರ ತಗಡಿನ ಮುಚ್ಚಳ, ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟು ಅಥವಾ ಮೇಣದಬತ್ತಿ. ಬಣ್ಣದ ನೀರಿದ್ದರೆ ಹತ್ತುವುದು ಇಳಿಯುವುದು ಚೆನ್ನಾಗಿ ಕಾಣುತ್ತದೆ. ಪುನರ್ಪುಳಿ ಶರಬತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಪಾರದರ್ಶಕ ಸ್ಟ್ರಾ ಸಿಗದಿದ್ದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪಿನ ಹೊಸ ತುಂಡು ತಂದು, ಬಿಸಿನೀರಿನಲ್ಲಿ ತೊಳೆದು, 20 ಸೆಂ.ಮೀ.ಗೆ ಕತ್ತರಿಸಿಕೊಳ್ಳಿ. ಪರಂಗಿ ಎಲೆಯ ದಂಟು ಕೂಡ ಒಳ್ಳೆಯ ಕೊಳವೆ, ಆದರೆ ಅದರ ಹಾಲು ಬಾಯಿಗೆ ಉರಿ ತರಬಹುದು. ಅದನ್ನು ಬಾಯಿಗಿಡದೆ ಸೋಪಿನ ಗುಳ್ಳೆ ಆಟಕ್ಕೆ ಬಿಡುವುದು ಮೇಲು.

ಮೊದಲನೆಯದು ಎರಡು ಸ್ಟ್ರಾ. ಎರಡನ್ನೂ ಒಟ್ಟಿಗೆ ತುಟಿಯಲ್ಲಿ ಹಿಡಿಯಿರಿ. ಒಂದರ ತುದಿ ನೀರಿನಲ್ಲಿ, ಇನ್ನೊಂದರದು ಲೋಟದ ಹೊರಗೆ. ಈಗ ಕುಡಿಯಿರಿ. ನೀರು ಹತ್ತುವುದಿಲ್ಲ, ಏಕೆಂದರೆ ಬಾಯೊಳಗೆ ಒತ್ತಡ ಇಳಿಯುವ ಮೊದಲೇ ಹೊರಗಿನ ಸ್ಟ್ರಾದಿಂದ ಗಾಳಿ ನುಗ್ಗಿ ಕೊರತೆ ತುಂಬಿಬಿಡುತ್ತದೆ. ಹೊರಗಿನ ಸ್ಟ್ರಾದ ತುದಿಯನ್ನು ಬೆರಳಿನಿಂದ ಮುಚ್ಚಿ, ಆ ಕ್ಷಣವೇ ನೀರು ಬಾಯಿಗೆ ಬರುತ್ತದೆ. ತುಟಿ ಬಿಗಿಯಾಗಿಲ್ಲದಿದ್ದರೆ ಮುಚ್ಚಿದರೂ ಬರುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಕೆಡುವುದು ಇಲ್ಲೇ.

ಎರಡನೆಯದು ಪಿನ್ನಿನ ತೂತು, ಮೂರರಲ್ಲಿ ಹೆಚ್ಚು ಕಲಿಸುವುದು ಇದು. ಸ್ಟ್ರಾದ ನಡುವೆ ಒಂದೇ ಪಕ್ಕೆಗೆ ಸುಮಾರು 1 ಮಿ.ಮೀ.ಯ ತೂತು ಮಾಡಿ. ತೂತು ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಹಿಡಿದು ಕುಡಿದರೆ ಬುಳಬುಳ ಸದ್ದಿನೊಂದಿಗೆ ಅರ್ಧಂಬರ್ಧ ನೀರು ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಸ್ಟ್ರಾವನ್ನು ಕೆಳಗಿಳಿಸಿ ತೂತನ್ನು ನೀರಿನೊಳಗೆ ಮುಳುಗಿಸಿದರೆ ತೂತೇ ಇಲ್ಲವೇನೋ ಎಂಬಂತೆ ಸರಾಗ. ಅಷ್ಟು ಸಣ್ಣ ತೂತಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ನಮ್ಮ ಎತ್ತರದಲ್ಲಿ ಗಾಳಿ ನೀರಿಗಿಂತ 900 ಪಟ್ಟಿಗೂ ಹೆಚ್ಚು ಹಗುರ. ಒಂದೇ ಒತ್ತಡದ ವ್ಯತ್ಯಾಸಕ್ಕೆ ತೂತಿನ ಮೂಲಕ ಗಾಳಿ ನುಗ್ಗುವ ವೇಗ ನೀರಿನದಕ್ಕಿಂತ ಸುಮಾರು 30 ಪಟ್ಟು. ಕೊಳವೆಯ ಉಜ್ಜಾಟ ಬಿಟ್ಟು ಬರೀ ಬಾಯಿಯ ಲೆಕ್ಕ ಹಿಡಿದರೆ, 1 ಮಿ.ಮೀ. ತೂತಿನಲ್ಲಿ ಬರುವ ಗಾಳಿ ಐದೂವರೆ ಮಿ.ಮೀ. ತೂತಿನಲ್ಲಿ ಬರುವ ನೀರಿಗೆ ಸಮ. 6 ಮಿ.ಮೀ. ಸ್ಟ್ರಾಗೆ ಅದು ಹೆಚ್ಚುಕಡಿಮೆ ಇನ್ನೊಂದು ಬಾಯಿ ಇಟ್ಟಂತೆಯೇ.

ಮೂರನೆಯದು ಮುಚ್ಚಿದ ಬಾಟಲಿ. ಮುಚ್ಚಳಕ್ಕೆ ಮೊಳೆಯಿಂದ ಸ್ಟ್ರಾ ಹಿಡಿಯುವಷ್ಟು ತೂತು ಮಾಡಿ. ಬಾಟಲಿಗೆ ಕುತ್ತಿಗೆಯ ತನಕ ನೀರು ತುಂಬಿ. ಮೇಲೆ 20 ಮಿ.ಲೀ.ಯಷ್ಟು ಮಾತ್ರ ಗಾಳಿ ಉಳಿಯಬೇಕು. ಮುಚ್ಚಳ ಹಾಕಿ, ಸ್ಟ್ರಾ ಇಳಿಸಿ, ಸುತ್ತಲಿನ ಸಂದನ್ನು ಹಿಟ್ಟಿನಿಂದ ಒತ್ತಿ ಮೆತ್ತಿ. ಮೇಣ ಬಳಸುವುದಾದರೆ ಕರಗಿಸಿ ಸುರಿಯುವ ಕೆಲಸ ದೊಡ್ಡವರದು. ಈಗ ಕುಡಿದರೆ ಅರ್ಧ ಟೀ ಚಮಚದಷ್ಟು ಬಂದು ನಿಲ್ಲುತ್ತದೆ.

ಕಾರಣವನ್ನು ಅಂಕಿಯಲ್ಲೇ ನೋಡಬಹುದು. ಒಳಗಿನ 20 ಮಿ.ಲೀ. ಗಾಳಿಯ ಒತ್ತಡ ಮೊದಲು 9.2 ಮೀಟರ್. ಎರಡೂವರೆ ಮಿ.ಲೀ. ನೀರು ಹೊರಗೆ ಬಂದರೆ ಅದೇ ಗಾಳಿ ಇಪ್ಪತ್ತೆರಡೂವರೆ ಮಿ.ಲೀ. ಜಾಗಕ್ಕೆ ಹರಡಿಕೊಂಡು ಒತ್ತಡ 8.2ಕ್ಕೆ ಇಳಿಯುತ್ತದೆ. ಬಾಯಿ ಎಷ್ಟು ಒತ್ತಡ ಇಳಿಸುತ್ತದೋ ಬಾಟಲಿಯೂ ಅಷ್ಟೇ ಇಳಿಸಿ ಕೂತಿದೆ, ತಳ್ಳುವವರು ಯಾರೂ ಇಲ್ಲ. ಬಾಟಲಿ ಅರ್ಧ ಖಾಲಿ ಇದ್ದರೆ ಈ ಪರೀಕ್ಷೆ ಕೆಡುತ್ತದೆ. 100 ಮಿ.ಲೀ. ಗಾಳಿ ಇದ್ದರೆ 12 ಮಿ.ಲೀ.ಯಷ್ಟು ನೀರು ಸಲೀಸಾಗಿ ಬಂದು, ಮುಚ್ಚಿದರೂ ಕುಡಿಯಬಹುದು ಎಂದು ಮಕ್ಕಳು ತಪ್ಪು ತಿಳಿಯುತ್ತಾರೆ. ಮೆತ್ತಿದ್ದು ಬಿಗಿಯಾಗಿದೆಯೇ ನೋಡಲು ಸ್ಟ್ರಾದೊಳಗೆ ಬಲವಾಗಿ ಊದಿ ಬಾಯಿ ತೆಗೆಯಿರಿ. ಬಿಗಿಯಾಗಿದ್ದರೆ ಒಳಗೆ ಒತ್ತಿಕೊಂಡ ಗಾಳಿ ನೀರನ್ನು ಕಾರಂಜಿಯಂತೆ ಹೊರಗೆಸೆಯುತ್ತದೆ. ಮುಖ ಪಕ್ಕಕ್ಕಿರಲಿ.

ಗಾಜಿನ ಬದಲು ತೆಳು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡರೆ ನೀರು ಬರುತ್ತಲೇ ಇರುತ್ತದೆ, ಪಕ್ಕೆ ಮಾತ್ರ ಒಳಕ್ಕೆ ಸೇದಿಕೊಳ್ಳುತ್ತದೆ. ಜ್ಯೂಸಿನ ರಟ್ಟಿನ ಪ್ಯಾಕು ಕುಡಿಯುತ್ತಾ ಚಪ್ಪಟೆಯಾಗುವುದು ಹೀಗೆಯೇ. ಹೊರಗಿನ ಗಾಳಿ ನೀರಿನ ಮೇಲೆ ನೇರವಾಗಿ ಕೂರಲಾಗದೆ ಪ್ಯಾಕಿನ ಗೋಡೆಯ ಮೂಲಕ ಒತ್ತುತ್ತಿರುತ್ತದೆ.

ಎಳನೀರಿಗೆ ಸ್ಟ್ರಾ ಹಾಕುವ ಕ್ರಮ

ಎಳನೀರು ಗಾಜಿನ ಬಾಟಲಿಯ ಜಾತಿ, ಚಿಪ್ಪು ಕುಗ್ಗುವುದಿಲ್ಲ. ಮಚ್ಚಿನಿಂದ ಅಗಲವಾಗಿ ಬಾಯಿ ತೆರೆದ ಕಾಯಿಯಲ್ಲಿ ತೊಂದರೆ ಇಲ್ಲ. ಚುಚ್ಚುವ ಕೊಳವೆಯಿಂದ ಕಿರಿದಾದ ತೂತು ಮಾಡಿದಾಗಲೇ ಎಚ್ಚರ ಬೇಕು. 6 ಮಿ.ಮೀ. ಸ್ಟ್ರಾಗೆ ತೂತು ಕನಿಷ್ಠ 9 ಅಥವಾ 10 ಮಿ.ಮೀ. ಇರಲಿ. ಕಾಗದದ ಸ್ಟ್ರಾ ಆದರೆ ಇನ್ನೂ ಸ್ವಲ್ಪ ದೊಡ್ಡದು, ಏಕೆಂದರೆ ಅದು ನೀರು ಕುಡಿದು ಊದುತ್ತದೆ, ಅಂಚಿನ ನಾರು ಕಿತ್ತು ಬಂದು ಸಂದಿಗೆ ಮೆತ್ತಿಕೊಳ್ಳುತ್ತದೆ. ದೊಡ್ಡ ತೂತು ಸಾಧ್ಯವಿಲ್ಲದಿದ್ದರೆ ಪಕ್ಕದಲ್ಲೇ ಮೂರು ನಾಲ್ಕು ಮಿ.ಮೀ.ಯ ಎರಡನೇ ತೂತು ಚುಚ್ಚಿ, ಕುಡಿಯುವಾಗ ಅದು ಮೇಲ್ಮುಖವಾಗಿರುವಂತೆ ಕಾಯಿ ಹಿಡಿಯಿರಿ. ಅದು ಗಾಳಿ ಬರುವ ಬಾಗಿಲು.

ಗಾಳಿಗೆ ದಾರಿ ಇದ್ದೂ ನೀರು ಬರದಿದ್ದರೆ ಸ್ಟ್ರಾದ ಕೆಳತುದಿ ಗಂಜಿಗೆ ಅಂಟಿಕೊಂಡಿರುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿದ ಸ್ಟ್ರಾದಲ್ಲಿ ಈ ಕಾಟ ಇಲ್ಲ, ತಳಕ್ಕೆ ತಾಗಿದರೂ ಒಂದು ಪಕ್ಕ ತೆರೆದಿರುತ್ತದೆ. ಕೊನೆಯ ಗುಟುಕು ಸಿಗದೆ ಬರೀ ಸೊರಸೊರ ಸದ್ದು ಬರುವಾಗ ಕಾಯಿಯನ್ನು ವಾಲಿಸಿ, ನೀರು ಒಂದು ಮೂಲೆಗೆ ಸೇರುವಂತೆ ಮಾಡಿ, ಸ್ಟ್ರಾದ ಉದ್ದ ತುದಿ ಆ ಮೂಲೆಗೆ ತಾಗುವಂತೆ ಹಿಡಿಯಿರಿ. ಸದ್ದು ಬಂತೆಂದರೆ ತುದಿಯ ಒಂದು ಭಾಗ ನೀರಿನಿಂದ ಹೊರಗಿದೆ ಎಂದೇ ಅರ್ಥ.

ಯಾವುದಕ್ಕೆ ಯಾವ ಬಾಯಿ

ಚಿಕ್ಕಮಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಬಟರ್‌ಫ್ರೂಟ್ ಮಿಲ್ಕ್‌ಶೇಕಿಗೆ ಎಳನೀರಿನ ಸ್ಟ್ರಾ ಕೊಟ್ಟರೆ ಕುಡಿಯುವವರಿಗೆ ದವಡೆ ನೋಯುತ್ತದೆ. ಗಟ್ಟಿ ದ್ರವದ ಹರಿವು ಕೊಳವೆಯ ಬಾಯಿಯ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ ಒಂದೇ ಎಳೆತಕ್ಕೆ 6 ಮಿ.ಮೀ. ಸ್ಟ್ರಾಕ್ಕಿಂತ 8 ಮಿ.ಮೀ. ಸ್ಟ್ರಾದಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಬರುತ್ತದೆ, 12 ಮಿ.ಮೀ. ಆದರೆ 16 ಪಟ್ಟು. ಎರಡು 6 ಮಿ.ಮೀ. ಸ್ಟ್ರಾ ಕೊಡುವುದಕ್ಕಿಂತ ಒಂದೇ 8 ಮಿ.ಮೀ. ಸ್ಟ್ರಾ ಕೊಡುವುದು ಜಾಣತನ; ಎರಡು ಸ್ಟ್ರಾದಿಂದ ಸಿಗುವುದು ಎರಡು ಪಟ್ಟು ಮಾತ್ರ. ಉದ್ದ ಅರ್ಧಕ್ಕಿಳಿಸಿದರೆ ಹರಿವು ಇಮ್ಮಡಿ, ಆದ್ದರಿಂದ ಗಿಡ್ಡ ಲೋಟಕ್ಕೆ ಗಿಡ್ಡ ಸ್ಟ್ರಾವೇ ಸರಿ. ಮಜ್ಜಿಗೆ, ಎಳನೀರು, ನಿಂಬೆ ಶರಬತ್ತಿನಂಥ ತೆಳು ಪಾನೀಯಕ್ಕೆ 6 ಮಿ.ಮೀ. ಸಾಕು, ಅದಕ್ಕಿಂತ ಅಗಲವಾದರೆ ಗಂಟಲಿಗೆ ಒಮ್ಮೆಲೇ ನುಗ್ಗಿ ಕೆಮ್ಮು ತರಿಸುತ್ತದೆ.

ಇದೇ ನಾಲ್ಕನೇ ಘಾತ ಕಾಗದದ ಸ್ಟ್ರಾವನ್ನು ಕಾಡುತ್ತದೆ. ಗೋಡೆ ಊದಿ ಬಾಯಿ 6ರಿಂದ ಐದೂವರೆ ಮಿ.ಮೀ.ಗೆ ಇಳಿದರೆ ಗಟ್ಟಿ ಪಾನೀಯದ ಹರಿವಿನಲ್ಲಿ ನೂರಕ್ಕೆ 30ರಷ್ಟು ಹೋಯಿತು. ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಹೊರಗಿನ ಗಾಳಿ ಸ್ಟ್ರಾದ ಗೋಡೆಯನ್ನೇ ಒತ್ತಿ ಚಪ್ಪಟೆ ಮಾಡುತ್ತದೆ. ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದ್ದರಿಂದ ಅಂಗಡಿಯವರಿಗೆ ಕಾಗದವೇ ಮುಖ್ಯ ಆಯ್ಕೆ. ಕೊಳ್ಳುವಾಗ ಒಂದನ್ನು ತಣ್ಣೀರಿನಲ್ಲಿ 20 ನಿಮಿಷ ಅದ್ದಿಟ್ಟು, ಬೆರಳಿನ ನಡುವೆ ಹಿಚುಕಿ ನೋಡಿ. ಸುರುಳಿಯ ಅಂಟು ಬಿಚ್ಚಿಕೊಂಡರೆ ಆ ಸರಕು ಬೇಡ. ಮಲೆನಾಡಿನ ಮಳೆಗಾಲದಲ್ಲಿ ಕಟ್ಟು ಬಿಚ್ಚಿಟ್ಟರೆ ಅದು ತೇವ ಹೀರಿ ಬಳಸುವ ಮೊದಲೇ ಅರ್ಧ ಸೋತಿರುತ್ತದೆ, ಮುಚ್ಚಳದ ಡಬ್ಬಿಯಲ್ಲಿಡಿ.

ಮನೆಗೆ ಸ್ಟೀಲಿನದೇ ಚೆನ್ನ, ತೊಳೆಯುವ ತಾಳ್ಮೆ ಇದ್ದರೆ. ಕುಡಿದ ಕೂಡಲೇ ಹರಿಯುವ ನೀರಿನಲ್ಲಿ ಹಿಡಿದು, ಉದ್ದ ಬ್ರಷ್ಷನ್ನು ಎರಡೂ ತುದಿಯಿಂದ ತೂರಿಸಿ ಉಜ್ಜಬೇಕು. ಹಾಲಿನ ಪದಾರ್ಥ ಒಣಗಿ ಅಂಟಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಅರ್ಧ ಗಂಟೆ ನೆನೆಸಿ. ಬೆಳಕಿನ ಕಡೆ ಹಿಡಿದು ಒಳಗೆ ನೋಡಿ, ನಿಲ್ಲಿಸಿ ಒಣಗಿಸಿ. ಮಲಗಿಸಿದರೆ ನಡುವೆ ನೀರು ನಿಲ್ಲುತ್ತದೆ. ಬಿಸಿ ಕಾಫಿಗೆ ಯಾವ ಸ್ಟ್ರಾವೂ ಬೇಡ. ಲೋಟದಿಂದ ಹೀರುವಾಗ ತುಟಿ ಮೊದಲು ಬಿಸಿ ನೋಡುತ್ತದೆ, ಗಾಳಿ ಬೆರೆತು ಕಾಫಿ ತಣಿಯುತ್ತದೆ. ಸ್ಟ್ರಾ ಈ ಎರಡನ್ನೂ ತಪ್ಪಿಸಿ ಸುಡುವ ಕಾಫಿಯನ್ನು ನೇರ ನಾಲಿಗೆಯ ಹಿಂಭಾಗಕ್ಕೆ ಸುರಿಯುತ್ತದೆ, ಸ್ಟೀಲಾದರೆ ತುಟಿಯನ್ನೂ ಸುಡುತ್ತದೆ. ಹಲ್ಲು ಕೀಳಿಸಿಕೊಂಡವರಿಗೆ ವೈದ್ಯರು ಕೆಲವು ದಿನ ಸ್ಟ್ರಾ ಬೇಡ ಎನ್ನುವುದಕ್ಕೂ ಒತ್ತಡವೇ ಕಾರಣ, ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಎಳೆತಕ್ಕೆ ಕಿತ್ತು ಬರಬಹುದು.

ಅದೇ ಸ್ಟ್ರಾದಲ್ಲಿ ಇನ್ನೂ ಕೆಲವು

ಸ್ಟ್ರಾವನ್ನು 10 ಸೆಂ.ಮೀ. ಮುಳುಗಿಸಿ, ಮೇಲಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಎತ್ತಿ. ನೀರು ಒಳಗೇ ನಿಲ್ಲುತ್ತದೆ, 6 ಮಿ.ಮೀ. ಬಾಯಿಯಾದರೆ ಸುಮಾರು 2.8 ಮಿ.ಲೀ. ಕಣ್ಣಿಟ್ಟು ನೋಡಿದರೆ ಎತ್ತಿದ ಕ್ಷಣ ನೀರು ಒಂದು ಮಿ.ಮೀ.ಯಷ್ಟು ಜಾರಿ ಆಮೇಲೆ ನಿಲ್ಲುವುದು ಕಾಣುತ್ತದೆ. ಆ ಜಾರುವಿಕೆಯಿಂದಲೇ ಮೇಲಿನ ಗಾಳಿ ತುಸು ತೆಳುವಾಗಿ, ಕೆಳಗಿನಿಂದ ಒತ್ತುವ ಹೊರಗಿನ ಗಾಳಿ ಗೆಲ್ಲುವುದು. ಬಾಯಿ ಅಗಲವಾದಷ್ಟೂ ಕೆಳಗಿನ ನೀರಿನ ಮೈ ಅಲುಗಾಟಕ್ಕೆ ಒಡೆದು ಗಾಳಿ ಒಳಹೊಕ್ಕು ಸುರಿದುಹೋಗುತ್ತದೆ.

ಗೋಲಿ ಸೋಡಕ್ಕೆ ಪ್ಲಾಸ್ಟಿಕ್ ಸ್ಟ್ರಾ ಹಾಕಿದರೆ ತಾನಾಗಿ ಮೇಲೆದ್ದು ಬರುವುದು ಮೈಗೆ ಅಂಟಿದ ಗುಳ್ಳೆಗಳು ಎತ್ತುವುದರಿಂದ. ಸ್ಟೀಲಿನದು ಅಲ್ಲೇ ಕೂತಿರುತ್ತದೆ. ಇನ್ನು ಪೀಪಿ: 20 ಸೆಂ.ಮೀ. ಪ್ಲಾಸ್ಟಿಕ್ ಸ್ಟ್ರಾದ ತುದಿಯನ್ನು ಎರಡು ಸೆಂ.ಮೀ. ಚಪ್ಪಟೆ ಮಾಡಿ, ಎರಡು ಮೂಲೆ ಕತ್ತರಿಸಿ ನಾಲಿಗೆಯಂತೆ ಮಾಡಿ, ತುಟಿಯ ಒಳಗೆ ತೆಗೆದುಕೊಂಡು ಊದಿ. ವಾಲಗದವರ ವಾದ್ಯದ ಬಾಯಲ್ಲೂ ಹೀಗೆ ಎರಡು ನಾಲಿಗೆ ಅದುರಿಯೇ ನಾದ ಹುಟ್ಟುವುದು. ಊದುತ್ತಲೇ ಇನ್ನೊಬ್ಬರಿಂದ ತುದಿ ಕತ್ತರಿಸಿಸಿದರೆ ಸ್ವರ ಏರುತ್ತದೆ, ಉದ್ದ ಅರ್ಧವಾದಾಗ ಹೆಚ್ಚುಕಡಿಮೆ ಮೇಲಿನ ಷಡ್ಜ. ಸದ್ದೇ ಬರದಿದ್ದರೆ ನಾಲಿಗೆ ಸಾಕಷ್ಟು ಚಪ್ಪಟೆಯಾಗಿಲ್ಲ, ಉಗುರಿನಿಂದ ಮತ್ತೊಮ್ಮೆ ತಿಕ್ಕಿ.

ಮೆಟ್ಟಿಲ ಮೇಲಿನ ಉದ್ದ ಸ್ಟ್ರಾ

ಬಾಯಿಗೆ ಎಷ್ಟು ಮೀಟರ್ ಒತ್ತಡ ಇಳಿಸುವ ತಾಕತ್ತಿದೆ ಎಂದು ಅಳೆಯಲು 6 ಮಿ.ಮೀ. ಒಳಬಾಯಿಯ, ಗೋಡೆ ಗಟ್ಟಿ ಇರುವ ಹೊಸ ಲೆವೆಲ್ ಪೈಪ್ 3 ಮೀಟರ್ ತನ್ನಿ. ಹತ್ತು ಹತ್ತು ಸೆಂ.ಮೀ.ಗೆ ಟೇಪಿನ ಗುರುತು ಹಾಕಿ. ಕೆಳಗೆ ಬಕೆಟ್ಟಿನಲ್ಲಿ ಬಣ್ಣದ ನೀರು, ಮೆಟ್ಟಿಲ ಮೇಲೆ ಎಳೆಯುವವರು, ಪೈಪು ನೆಟ್ಟಗೆ. ಮೊದಲು ಉಸಿರೆಳೆದಂತೆ ಎದೆಯಿಂದ ಮಾತ್ರ ಎಳೆಯಿರಿ: ದೊಡ್ಡವರಲ್ಲಿ ನೀರು ಸುಮಾರು ಒಂದು ಮೀಟರ್ ಹತ್ತಿ ನಿಲ್ಲುತ್ತದೆ. ಆಮೇಲೆ ನಾಲಿಗೆಯಿಂದ ಪೈಪಿನ ಬಾಯಿ ಮುಚ್ಚಿ, ಮೂಗಿನಲ್ಲಿ ಉಸಿರಾಡಿ, ಮತ್ತೆ ಕೆನ್ನೆಯಿಂದ ಎಳೆಯಿರಿ. ಹೀಗೆ ಕಂತು ಕಂತಾಗಿ ಅದಕ್ಕಿಂತ ಮೇಲೆ ಒಯ್ಯಬಹುದು. ತಲೆ ಸುತ್ತಿದರೆ, ಕಿವಿ ನೋವಾದರೆ ಬಿಡಿ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಇದಕ್ಕೆ ಕೈ ಹಾಕುವುದು ಬೇಡ. ಪೈಪು ಎಲ್ಲಿಯಾದರೂ ಮಡಿಸಿಕೊಂಡರೆ ಅಥವಾ ಅಲ್ಲಲ್ಲಿ ಗುಳ್ಳೆ ನಿಂತರೆ ಎತ್ತರದ ಲೆಕ್ಕ ತಪ್ಪುತ್ತದೆ.

ಎಷ್ಟೇ ಗಟ್ಟಿಗರಾದರೂ, ಎಂಥ ಯಂತ್ರವಾದರೂ, ಮೇಲಿನಿಂದ ಎಳೆಯುವ ಸಾಧನ ಹಾಸನದಲ್ಲಿ 9.2 ಮೀಟರ್ ದಾಟಿಸಲಾರದು. ಬಾಯೊಳಗೆ ಗಾಳಿ ಪೂರ್ತಿ ಇಲ್ಲವಾದ ಮೇಲೆ ಇನ್ನಷ್ಟು ಇಲ್ಲವಾಗಿಸಲು ಏನೂ ಉಳಿದಿರುವುದಿಲ್ಲ.

ಕೆರೆ ಅಂಚಿನ ಪಂಪಿಗೆ ಇದೇ ಲೆಕ್ಕ

ತೋಟದ ಡೀಸೆಲ್ ಪಂಪ್‌ಸೆಟ್ಟಿನ ಸಕ್ಷನ್ ಪೈಪು, ಅಂದರೆ ಕೆರೆಯಿಂದ ಪಂಪಿಗೆ ನೀರು ತರುವ ಪೈಪು, ಒಂದು ದಪ್ಪ ಸ್ಟ್ರಾ. ಅದರ ಬಜೆಟ್ಟನ್ನು ಹೀಗೆ ಬರೆಯಿರಿ. ಹಾಸನದ ಎತ್ತರದಲ್ಲಿ ಗಾಳಿ ಕೊಡುವುದು 9.2 ಮೀಟರ್. ನೀರಿನ ಆವಿಯ ಒತ್ತಡಕ್ಕೆ 0.3 ಕಳೆಯಿರಿ. ಪಂಪಿನೊಳಗೆ ತಿರುಗುವ ಚಕ್ರದ (ಇಂಪೆಲ್ಲರ್) ಬಾಯಿಗೆ ತಲುಪಿದ ನೀರು ಅಲ್ಲೇ ಕುದಿದು ಗುಳ್ಳೆಯಾಗದಿರಲು ಒಂದಿಷ್ಟು ಒತ್ತಡ ಉಳಿದಿರಬೇಕು; ಇದು ಪಂಪಿಂದ ಪಂಪಿಗೆ ಬೇರೆ, ಜೊತೆಗೆ ಬರುವ ಕೈಪಿಡಿಯಲ್ಲಿರುತ್ತದೆ, 3 ಮೀಟರ್ ಎಂದುಕೊಳ್ಳೋಣ. ಪೈಪು, ಬೆಂಡು, ಪೈಪಿನ ಕೆಳತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವಿನ ಉಜ್ಜಾಟಕ್ಕೆ 1 ಮೀಟರ್, ಬೇಸಿಗೆಯಲ್ಲಿ ಕೆರೆ ಇಳಿಯುವುದಕ್ಕೆಂದು ಅರ್ಧ ಮೀಟರ್. ಉಳಿಯಿತು 4.4 ಮೀಟರ್, ಹದಿನಾಲ್ಕೂವರೆ ಅಡಿ. ನೀರಿನ ಮಟ್ಟದಿಂದ ಪಂಪಿನ ನಡುವಿನ ತನಕ ನೆಟ್ಟಗೆ ಅಳೆದ ಎತ್ತರ ಇದರೊಳಗಿರಬೇಕು. ಪಂಪಿನ ಮೇಲೆ ಸಕ್ಷನ್ 7 ಮೀಟರ್ ಎಂದು ಬರೆದಿದ್ದರೆ ಅದು ಸಮುದ್ರಮಟ್ಟದ ಮಾತು. ಹಾಸನದಲ್ಲಿ ಅದರಿಂದ 1.1 ಮೀಟರ್, ಚಿಕ್ಕಮಗಳೂರಿನಲ್ಲಿ 1.2 ಮೀಟರಿಗೂ ಸ್ವಲ್ಪ ಹೆಚ್ಚು ಕಳೆಯಿರಿ. ಎತ್ತರ ಮೀರಿದೆ ಎಂದರೆ ಪಂಪನ್ನು ಬದಲಿಸುವ ಮೊದಲು ಅದನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ನೋಡಿ. ಸಕ್ಷನ್ ಬದಿಯಲ್ಲಿ ಉಳಿಸಿದ ಒಂದೊಂದು ಅಡಿಯೂ ಗಾಳಿಯ ಖಾತೆಯದು, ಅದು ಹಣ ಕೊಟ್ಟರೂ ಹೆಚ್ಚುವುದಿಲ್ಲ. ಪಂಪಿನಿಂದ ಮುಂದೆ ನೀರು ತಳ್ಳುವ ಡೆಲಿವರಿ ಬದಿಯ ಎತ್ತರ ಎಂಜಿನ್ನಿನ ಖಾತೆಯದು.

ಪಂಪಿಗೆ ನೀರು ತುಂಬಿಸಿ ಚಾಲೂ ಮಾಡುವುದು ಏಕೆ ಎಂಬುದಕ್ಕೂ ಗಾಳಿಯ ಹಗುರತನವೇ ಉತ್ತರ. ನೀರು ತುಂಬಿದಾಗ 30 ಮೀಟರ್ ಎತ್ತಬಲ್ಲ ಇಂಪೆಲ್ಲರ್, ಒಳಗೆ ಗಾಳಿ ಇದ್ದಾಗ ಎತ್ತುವುದು 30 ಮೀಟರ್ ಗಾಳಿಯನ್ನೇ, ಅದು ಸುಮಾರು 3 ಸೆಂ.ಮೀ. ನೀರಿಗೆ ಸಮ. ಅಷ್ಟು ಎಳೆತಕ್ಕೆ ಕೆರೆಯ ನೀರು ಕದಲುವುದಿಲ್ಲ. ಮೇಲಿನ ಪ್ಲಗ್ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ನೀರು ಹಾಕಿ. ಹಾಕಿದಷ್ಟೂ ಇಳಿದುಹೋಗುತ್ತಿದ್ದರೆ ಫುಟ್‌ವಾಲ್ವಿನಲ್ಲಿ ಎಲೆಯೋ ಕಡ್ಡಿಯೋ ಸಿಕ್ಕಿದೆ ಅಥವಾ ವಾಷರ್ ಸವೆದಿದೆ.

ತುಂಬಿ ಚಾಲೂ ಮಾಡಿದ ಮೇಲೆ ಐದು ನಿಮಿಷಕ್ಕೆ ನೀರು ಕಡಿದರೆ ಪಿನ್ನಿನ ತೂತನ್ನು ನೆನಪಿಸಿಕೊಳ್ಳಿ. ಸಕ್ಷನ್ ಬದಿಯ ತೂತು ಪಂಪು ಓಡುವಾಗ ತೊಟ್ಟಿಕ್ಕುವುದಿಲ್ಲ, ಒಳಕ್ಕೆ ಎಳೆಯುತ್ತದೆ. ಒದ್ದೆ ಹುಡುಕಿದರೆ ಸಿಗದು. ಗಡ್ಡದ ಸೋಪಿನ ನೊರೆಯನ್ನು ಒಂದೊಂದೇ ಜಾಯಿಂಟಿಗೆ ದಪ್ಪಗೆ ಬಳಿಯಿರಿ, ನೊರೆ ಗುಳಿ ಬಿದ್ದು ಒಳಹೋದ ಕಡೆಯೇ ಲೀಕು. ಪಂಪು ನಿಲ್ಲಿಸಿ ಫುಟ್‌ವಾಲ್ವ್ ನೀರು ಹಿಡಿದಿದ್ದರೆ, ಪಂಪಿನೊಳಗೆ ಮೇಲಿನ ಪೈಪಿನ ನೀರೂ ನಿಂತಿದ್ದಾಗ, ಅದೇ ಜಾಗದಲ್ಲಿ ಹನಿ ಹೊರಗೆ ಬರುವುದನ್ನೂ ನೋಡಬಹುದು. ಜಾಯಿಂಟುಗಳೆಲ್ಲ ಸರಿ ಇದ್ದರೆ ಪಂಪಿನ ಶಾಫ್ಟು ಹೊರಬರುವ ಕಡೆ ಬಿಗಿದಿರುವ ಗ್ಲಾಂಡಿಗೂ ನೊರೆ ಹಚ್ಚಿ. ಮರೆತುಹೋಗುವ ಜಾಗ ಅದು. ನೀರಿನೊಳಗೆ ಮುಳುಗಿರುವ ಭಾಗದಲ್ಲಿ ಸಣ್ಣ ಬಿರುಕಿದ್ದರೆ ಪಂಪು ಓಡುವಾಗ ಚಿಂತೆ ಬೇಡ, ಮುಳುಗಿದ ಪಿನ್ನಿನ ತೂತು ಏನೂ ಮಾಡಲಿಲ್ಲವಲ್ಲ.

ಸಕ್ಷನ್ನಿಗೆ ಸುರುಳಿ ತಂತಿಯ ಗಟ್ಟಿ ಹೋಸೇ ಬೇಕು. ಡೆಲಿವರಿಯ ಚಪ್ಪಟೆ ಹೋಸನ್ನು ಈ ಬದಿಗೆ ಹಾಕಿದರೆ ಮೆತ್ತಗಾದ ಕಾಗದದ ಸ್ಟ್ರಾದಂತೆ ಮುಚ್ಚಿಕೊಳ್ಳುತ್ತದೆ. ಪೈಪು ಕೆರೆಯಿಂದ ಪಂಪಿನ ತನಕ ಏರುತ್ತಲೇ ಹೋಗಲಿ. ನಡುವೆ ಗೂನು ಇದ್ದರೆ ಅದರ ನೆತ್ತಿಯಲ್ಲಿ ಗಾಳಿ ಸೇರಿ ದಾರಿ ಕಟ್ಟುತ್ತದೆ. ಫುಟ್‌ವಾಲ್ವ್ ನೀರಿನ ಮಟ್ಟದಿಂದ ಕನಿಷ್ಠ ಒಂದೂವರೆ ಅಡಿ ಕೆಳಗೆ, ಕೆಸರಿನಿಂದ ಒಂದಡಿ ಮೇಲೆ. ಮೇಲ್ಮೈಯಲ್ಲಿ ಸುಳಿ ಕಂಡರೆ ಸ್ಟ್ರಾದ ಕೊನೆಯ ಗುಟುಕಿನ ಸೊರಸೊರ ಶುರುವಾಗಿದೆ, ಇನ್ನೂ ಆಳಕ್ಕೆ ಬಿಡಿ ಅಥವಾ ಸುಳಿಯ ಮೇಲೆ ಒಂದು ಹಲಗೆ ತೇಲಿಬಿಡಿ.

ಅರಸೀಕೆರೆ ಕಡೆಯ ನೂರಾರು ಅಡಿ ಬೋರ್‌ವೆಲ್ಲಿಗೆ ಮೇಲಿನಿಂದ ಎಳೆಯುವ ಪಂಪು ಎಷ್ಟೇ ಎಚ್.ಪಿ. ಇದ್ದರೂ ನಡೆಯದು. ಅಲ್ಲಿ ಸಬ್‌ಮರ್ಸಿಬಲ್ ಮೋಟಾರನ್ನು ನೀರಿನೊಳಗೇ ಇಳಿಸಿ ಕೆಳಗಿನಿಂದ ತಳ್ಳಿಸುತ್ತಾರೆ. ಊರ ನಡುವಿನ ಬೋರಿಂಗ್ ಕೈಪಂಪಿನದೂ ಅದೇ ಉಪಾಯ. ಹಿಡಿ ಮೇಲಿದ್ದರೂ ನೀರೆತ್ತುವ ಸಿಲಿಂಡರ್ ಕೆಳಗೆ ನೀರಿನಲ್ಲಿ ಮುಳುಗಿದೆ, ಉದ್ದ ಕಂಬಿಯೊಂದು ಅದನ್ನು ಮೇಲಿನ ಹಿಡಿಗೆ ಜೋಡಿಸುತ್ತದೆ. ಹಾಗಾಗಿ ಆ ಕೈಪಂಪಿನಲ್ಲಿ ನೀರು ಕಡಿಮೆಯಾದಾಗ ಮೇಲಿನ ನಟ್ಟು ಬಿಗಿದು ಪ್ರಯೋಜನವಿಲ್ಲ. ಕಂಬಿ ಎತ್ತಿ ಕೆಳಗಿನ ವಾಷರ್ ನೋಡಬೇಕು.